ಎರೆಭೂತ ಕಂಡಿಲ್ಲ ಅಂದೆ

ಆಗಸ್ಟ್ 12, ಮಂಗಳವಾರ. ಕುಂದುರ್ಪಿ.

ಸುಳ್ಳು ಹೇಳಿ ಸೈನ್ ಹಾಕಿದೆ.

ಬೆಳಿಗ್ಗೆ ಹಕ್ಕಿ ಸರ್ವೆಗೆ ಬಂದ ಮೇಡಂ ಎರೆಭೂತ ಹಕ್ಕಿಯ ಫೋಟೊ ತೋರಿಸಿ, "ಈ ಬಟ್ಟಮೇಕ ಪಿಟ್ಟನು ಚೂಶಾರಾ ಅಮ್ಮಾ?" ಅಂತ ತೆಲುಗಲ್ಲಿ ಕೇಳಿದರು, ಈ ಹಕ್ಕಿ ನೋಡಿದ್ದೀರಾ ಅಂತ. ಮಾವ ಜಯರಾಮಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಹಕ್ಕಿ ಇದೆ ಅಂದರೆ ಬಯಲಿಗೆ ಬೇಲಿ ಬೀಳುತ್ತೆ, ಕುರಿ ಮೇಯಿಸೋಕೆ ಬಿಡಲ್ಲ ಅಂತ ಅವರಿಗೆ ಭಯ. ನೋಡಿಲ್ಲ ಅಂದೆ, ಅವರ ಫಾರಂಗೆ ಸೈನ್ ಹಾಕಿದೆ.

ಶನಿವಾರ ತಾನೇ ನೋಡಿದ್ದೆ. ಹುಲ್ಲಿನ ನಡುವೆ, ಬರೀ ನೆಲದ ಮೇಲೆ ಒಂದೇ ಮೊಟ್ಟೆ. ನಾನು ಹತ್ತಿರ ಹೋದರೂ ತಾಯಿ ಓಡಲಿಲ್ಲ, ಕತ್ತೆತ್ತಿ ನಿಂತೇ ಇತ್ತು.

ಸೈನ್ ಆದಮೇಲೆ ಮೇಡಂ ಹೇಳಿದರು, ಹಕ್ಕಿ ಇಲ್ಲ ಅಂತ ರಿಪೋರ್ಟ್ ಹೋದರೆ ಆ ಬಯಲೆಲ್ಲ ಸೋಲಾರ್‌ಗೆ ಕೊಡ್ತಾರೆ, ಜೆಸಿಬಿ ಬರುತ್ತೆ ಅಂತ.

ಸಂಜೆ ಮಾವನ ಎದುರಿಗೇ ಮೇಡಂಗೆ ಫೋನ್ ಮಾಡಿದೆ. "ಸುಳ್ಳು ಹೇಳ್ಬುಟ್ಟೆ ಮೇಡಂ. ಹಕ್ಕಿ ಐತೆ, ಮೊಟ್ಟೆನೂ ಐತೆ." ಬೆಳಿಗ್ಗೆ ಏಳಕ್ಕೆ ಬರ್ತೀನಿ, ಜಾಗ ತೋರಿಸಿ ಅಂದರು.

ಫೋನ್ ಇಟ್ಟ ಮೇಲೆ ಮಾವ, "ಸೋಲಾರ್ ಬಂದ್ರೂ, ಬೇಲಿ ಹಾಕಿದ್ರೂ ಕುರಿ ಎಲ್ಲಿಗೆ ಹೊಡ್ಕೊಂಡು ಹೋಗ್ಲಿ ಕಣಮ್ಮ?" ಅಂದರು.

ಮಲಗೋಕೆ ಹೋಗುವಾಗ ಮಾವ ಬಾಗಿಲಲ್ಲಿ ನಿಂತರು. "ಮೊಟ್ಟೆ ಯಾವ ಕಡೆ ಐತೆ ಹೇಳ್ಬುಡು. ನಾಳೆ ಕುರಿ ಆ ಕಡೆ ಬಿಡಲ್ಲ."

ಹೇಳಿದೆ. ನಾಳೆ ಬೇಲಿ ಬಂದರೆ ಇವರ ಮುಖ ಹೇಗೆ ನೋಡಲಿ, ಗೊತ್ತಿಲ್ಲ.