ಕೆಫೀನ್ ತೆಗೆದ ಮೇಲೆ

ಮಂಗಳವಾರ, ಮಧ್ಯಾಹ್ನ

ಅತ್ತೆಯ ಮಗನಿಗೆ,

...ಸತ್ತ ಬೀಜಕ್ಕೆ ಬೆಂಕಿ ಕೊಡುವುದಿಲ್ಲ ಎಂದಿರೋ, ಕೊಟ್ಟರೂ ಪ್ರಯೋಜನವಿಲ್ಲ ಎಂದಿರೋ, ಬೆಳಿಗ್ಗೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಹಿಂದೊಮ್ಮೆ ಯಾರೋ ಗಿರಾಕಿ ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಬೀಜ, ಹುರಿದುಕೊಡಿ ಎಂದು ನಿಮ್ಮ ಅಂಗಡಿಗೆ ಬಂದಿದ್ದರು. ನೀವು ಯಂತ್ರದಿಂದ ತಲೆ ಎತ್ತದೆ ಉತ್ತರ ಕೊಟ್ಟಿದ್ದಿರಿ. ಮೊದಲನೆಯದನ್ನೇ ಹೇಳಿದ್ದರೆ ಈ ಪತ್ರವನ್ನು ಇಲ್ಲಿಗೇ ಹರಿದುಹಾಕಿ. ಎರಡನೆಯದಾಗಿದ್ದರೆ ಮುಂದೆ ಓದಿ.

ಸಂಬೋಧನೆ ನೋಡಿ ನಕ್ಕಿರಬಹುದು. ಬೇರೆ ಏನು ಬರೆಯಬೇಕೋ ತೋಚಲಿಲ್ಲ. ನೀವು ಹೋಗುವಾಗ ಹುರಿಯುವ ಯಂತ್ರ ಲಾರಿ ಹತ್ತಿತು, ನಿಮ್ಮಮ್ಮ ಹತ್ತಲಿಲ್ಲ. "ಅವನ ಜೊತೆ ಹೋದ್ರೆ ಅವನ ಕಾಫಿ ಚೆನ್ನಾಗಿದೆ ಅಂತ ದಿನಾ ಹೇಳ್ಬೇಕಾಗುತ್ತೆ. ಇಲ್ಲೇ ಇರ್ತೀನಿ ಬಿಡು" ಎಂದರು. ಗಂಡ ಬಿಟ್ಟುಹೋದ ಮನೆಯಲ್ಲಿ ಉಳಿದ ಅತ್ತೆ ಸೊಸೆಯರಿಗೆ ಏನೆನ್ನುತ್ತಾರೋ ಗೊತ್ತಿಲ್ಲ. ಕೆಳಗಿನ ಮಹಡಿಯವರು ನಮ್ಮನ್ನು ತಾಯಿ ಮಗಳು ಎಂದುಕೊಂಡಿದ್ದಾರೆ. ನಾವೂ ತಿದ್ದಿಲ್ಲ.

ವಿಷಯಕ್ಕೆ ಬರುತ್ತೇನೆ. ಚಳಿ ಶುರುವಾದ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ಕುಸಿದು ಕೂತರು. ಎದೆಯ ಬಡಿತ ಕುಂಟುತ್ತಿದೆ, ಕಾಫಿ ಪೂರ್ತಿ ನಿಲ್ಲಿಸಬೇಕು ಎಂದರು ಡಾಕ್ಟರು. "ಕಾಫಿ ಬೇಕಾ, ನಾನು ಬೇಕಾ, ಒಂದು ಆರಿಸ್ಕೊಳ್ಳಿ ಅಜ್ಜಿ" ಎಂದು ಆಕೆ ನಗುತ್ತ ಕೇಳಿದರೆ, ಇವರು "ನಿಮ್ಮನ್ನ ಎಷ್ಟು ಕುದಿಸಿದ್ರೂ ಘಮ ಬರಲ್ವಲ್ಲ ಡಾಕ್ಟ್ರೇ" ಎಂದರು. ಆಮೇಲೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಆಗ ನಗಲಿಲ್ಲ. ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಎಂದರು. ಕೆಫೀನ್ ತೆಗೆದ ಕಾಫಿಯಾದರೆ ದಿನಕ್ಕೊಂದು ಲೋಟ ಪರವಾಗಿಲ್ಲವಂತೆ.

ಕಾರ್ಖಾನೆಯಲ್ಲಿ ಕಾಫಿಯ ರುಚಿ ನೋಡುವುದನ್ನೇ ಕೆಲಸ ಮಾಡಿಕೊಂಡಿದ್ದವರು ಅತ್ತೆ. ಬಟ್ಟಲಿಂದ ಬಟ್ಟಲಿಗೆ ಚಮಚ ಅದ್ದಿ, ಸೊರ್ ಎಂದು ಎಳೆದು, ಬಾಯಲ್ಲಿ ಆಡಿಸಿ ಉಗುಳಿ, ಒಂದು ಮಾತಲ್ಲಿ ತೀರ್ಪು ಕೊಡುತ್ತಿದ್ದವರು. ಡಿಕ್ಯಾಫ್ ಎಂದ ಕೂಡಲೇ "ಹೆಣಕ್ಕೆ ಶೃಂಗಾರ" ಎಂದು ಮುಖ ತಿರುಗಿಸಿದರು. ದಿನಕ್ಕೆ ಒಂದೇ ಲೋಟ ಕುಡಿಯುತ್ತೇನೆ, ಆದರೆ ಅದು ನಿಜವಾದದ್ದಾಗಿರಬೇಕು, ಇಷ್ಟೇ ರಾಜಿ ಎಂದರು. ನಾನು ಹೂಂ ಎಂದೆ. ಹೂಂ ಎನ್ನುವಾಗಲೇ ಮನಸ್ಸಿನಲ್ಲಿ ಬೇರೆ ನಿಶ್ಚಯವಾಗಿತ್ತು.

ನಿಜವಾದ ಪುಡಿಗೆ ಕೆಫೀನ್ ಇಲ್ಲದ ಪುಡಿ ಬೆರೆಸುತ್ತ ಬಂದೆ. ಮೊದಲು ಚಿಟಿಕೆ, ಆಮೇಲೆ ಅರ್ಧ ಚಮಚ, ಹೀಗೆ. ಒಳ್ಳೆಯದು ಸಿಕ್ಕಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ. ಊರಿನ ಎಲ್ಲ ಅಂಗಡಿ ಸುತ್ತಿದೆ. ಒಂದು ಕಡೆ ಅಂಗಡಿಯವನು ಪೊಟ್ಟಣದ ಮೇಲಿನ ದೂಳನ್ನು ಅಂಗಿಯ ತೋಳಿಗೆ ಒರೆಸಿ ಕೊಡುತ್ತ, "ಇದನ್ನ ಕೇಳಿದ ಮೊದಲನೇ ಗಿರಾಕಿ ನೀವೇ ಮೇಡಂ, ಯಾರಿಗಾದ್ರೂ ಶಿಕ್ಷೆ ಕೊಡೋದಿತ್ತಾ?" ಎಂದ. ಒಂದು ಪುಡಿಗೆ ನೆನೆದ ರಟ್ಟಿನ ವಾಸನೆ, ಇನ್ನೊಂದಕ್ಕೆ ಪೆನ್ಸಿಲ್ ಕೆತ್ತಿದ ಹೊಟ್ಟಿನದು. ಬೆಲೆ ಹೆಚ್ಚಿದ್ದದ್ದು ಬರೀ ಕರಕಲು. ಅವುಗಳಲ್ಲಿ ಪೆನ್ಸಿಲ್ ವಾಸನೆಯದನ್ನೇ ಆರಿಸಿಕೊಂಡೆ.

ಮನೆಯಲ್ಲಿ ಕಾಸುವುದು ಒಂದೇ ಪಾತ್ರೆ, ಹಾಗಾಗಿ ನನಗೂ ಅದೇ. ಕೆಫೀನ್ ಇಳಿಯುತ್ತ ಹೋದಂತೆ ತಲೆಗೆ ಯಾರೋ ಪಟ್ಟಿ ಬಿಗಿದ ಹಾಗೆ ನೋವು. ಕಟ್ಟುಹಲ್ಲು ಮಾಡುವ ನಮ್ಮ ಲ್ಯಾಬಿನಲ್ಲಿ ಮೇಣದ ಮೇಲೆ ಹಲ್ಲು ಕೂರಿಸುವಾಗ ಸಾಲು ತಪ್ಪುತ್ತಿತ್ತು. "ಏನಮ್ಮ, ಈ ಸೆಟ್ಟು ಹಾಕ್ಕೊಂಡವರು ನಕ್ಕರೆ ಬೈದ ಹಾಗೆ ಕಾಣುತ್ತೆ" ಎಂದು ಯಜಮಾನರು ವಾಪಸು ಕೊಟ್ಟರು. ಕೆಫೀನ್ ಬಿಟ್ಟದ್ದು ಅತ್ತೆಯೊಬ್ಬರೇ ಅಲ್ಲ, ನಾನೂ ಎಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಇದನ್ನು ದೂರೆಂದು ಓದಬೇಡಿ.

ಪೂರ್ತಿ ಡಿಕ್ಯಾಫ್ ಆದ ಬೆಳಿಗ್ಗೆ ಅತ್ತೆ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತರು. ಸಿಕ್ಕಿಬಿದ್ದೆ ಎಂದುಕೊಂಡೆ. ಬೈಯುತ್ತಾರೆ, ಲೋಟ ಎತ್ತಿ ಎಸೆಯುತ್ತಾರೆ, ನಾನೂ ನಾಲ್ಕು ಮಾತಾಡುತ್ತೇನೆ, ಅಲ್ಲಿಗೆ ಮುಗಿಯುತ್ತದೆ.

"ಹೋಯ್ತು ಕಣೇ" ಎಂದರು.

ಏನು ಹೋಯಿತು ಎಂದು ಕೇಳಿದೆ.

"ನಾಲಗೆ. ಸುಮಾರು ದಿನದಿಂದ ಹೋಗ್ತಾ ಇತ್ತು. ಇವತ್ತು ಪೂರ್ತಿ ಹೋಯ್ತು."

ಅವರಿಗೆ ನನ್ನ ಮೇಲೆ ಅನುಮಾನವೇ ಬರಲಿಲ್ಲ, ನೋಡಿ. ಬೇರೆ ಯಾವ ಮನೆಯಲ್ಲಾದರೂ ಮುದುಕಿ ಮೊದಲು ಸೊಸೆಯನ್ನು ಬೈಯುತ್ತಿದ್ದಳು. ಆದರೆ ಈ ಮನೆಯಲ್ಲಿ ಯಾರೂ ಕಾಫಿಯ ವಿಷಯದಲ್ಲಿ ಸುಳ್ಳು ಹೇಳಿದವರಲ್ಲ. ಉಳಿದೆಲ್ಲ ವಿಷಯದಲ್ಲಿ ಹೇಳಿದ್ದೇವೆ, ನೀವೂ ಹೇಳಿದ್ದೀರಿ. ಕಾಫಿಯಲ್ಲಿ ಮಾತ್ರ ಇಲ್ಲ. ಹಾಗಾಗಿ ಅವರು ತಮ್ಮ ನಾಲಗೆಯನ್ನೇ ಅನುಮಾನಿಸಿದರು.

ಅವತ್ತಿನಿಂದ ಊಟ ಬಿಟ್ಟರು. ಹಟವಲ್ಲ, ಹಟವಾಗಿದ್ದರೆ ಮುರಿಯಬಹುದಿತ್ತು. ತಟ್ಟೆ ಮುಂದೆ ಕೂತು ಎರಡು ತುತ್ತು ತಿಂದು, ಯಾರದೋ ಮನೆಗೆ ತಪ್ಪಿ ಬಂದವರ ಹಾಗೆ ಎದ್ದುಬಿಡುತ್ತಾರೆ. ಉಪ್ಪು ನೆಕ್ಕಿಸಿದೆ, ಸಕ್ಕರೆ ನೆಕ್ಕಿಸಿದೆ, ಗೊತ್ತಾಗುತ್ತಿದೆಯಲ್ಲ ಅತ್ತೆ ಎಂದೆ. "ಅಷ್ಟು ಎಮ್ಮೆಗೂ ಗೊತ್ತಾಗುತ್ತೆ" ಎಂದರು. ಅವರ ಕೆಳಸಾಲಿನ ಕಟ್ಟುಹಲ್ಲು ನಾನೇ ಮಾಡಿಕೊಟ್ಟದ್ದು, ಅಚ್ಚಿಗೆ ಅಚ್ಚು ಕೂತಿತ್ತು. ಈಗ ಮಾತಾಡಿದರೆ ಟಕ್ ಎನ್ನುತ್ತದೆ. ಊಟವಿಲ್ಲದೆ ವಸಡು ಸೊರಗಿದೆ. ನನ್ನ ಕಸುಬಿನಲ್ಲಿ ಇದಕ್ಕೆ ಏನರ್ಥ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ.

ತಡೆಯಲಾರದೆ ನಿಜ ಹೇಳಿದೆ. ನಿಮ್ಮ ನಾಲಗೆ ಸರಿಯಾಗಿದೆ, ಕೆಟ್ಟದ್ದು ನಾನು ಬೆರೆಸಿದ ಪುಡಿ ಎಂದೆ. ಪೊಟ್ಟಣ ತಂದು ತೋರಿಸಿದೆ. ಅವರು ನನ್ನ ಕೆನ್ನೆ ಸವರಿದರು. "ನನ್ನ ಸಮಾಧಾನಕ್ಕೆ ಅಂತ ನಿನ್ನ ತಲೆ ಮೇಲೆ ನೀನೇ ಕಲ್ಲು ಹಾಕ್ಕೋಬೇಡ. ಈ ಪೊಟ್ಟಣ ಇವತ್ತೇ ತಂದಿರ್ತೀಯ" ಎಂದರು. ಸುಳ್ಳನ್ನು ನಂಬಿದವರು ನಿಜವನ್ನು ನಂಬಲಿಲ್ಲ. ಇನ್ನು ನನ್ನ ಬಳಿ ಹೇಳುವುದಕ್ಕೆ ಏನೂ ಉಳಿದಿಲ್ಲ. ಕೆಫೀನ್ ಕೊಟ್ಟರೆ ಎದೆ ನಿಲ್ಲುತ್ತದೆ, ಕೊಡದಿದ್ದರೆ ಇವರೇ ನಿಲ್ಲುತ್ತಾರೆ.

ಅದಕ್ಕೇ ನಿಮಗೆ ಬರೆಯುತ್ತಿರುವುದು. ಕೆಫೀನ್ ತೆಗೆದ ಬೀಜ ಹಸಿಯಾಗಿರುವಾಗಲೇ ಕಂದಾಗಿರುತ್ತದೆ, ಬಣ್ಣ ನೋಡಿ ಹುರಿದರೆ ಕಣ್ಣು ಮೋಸಹೋಗುತ್ತದೆ, ಸಿಡಿಯುವ ಸದ್ದೂ ಸರಿಯಾಗಿ ಕೇಳದು, ಅದಕ್ಕೇ ಎಲ್ಲರೂ ಸುಟ್ಟುಬಿಡುತ್ತಾರೆ ಎಂದು ನೀವೇ ಅಂದಿದ್ದಿರಿ. ಹೇಗೆ ಸುಡುತ್ತಾರೆಂದು ಅಷ್ಟು ಬಲ್ಲವರಿಗೆ ಸುಡದೆ ಹುರಿಯುವುದೂ ಗೊತ್ತಿರಬೇಕು. ಕುಡಿದವರಿಗೆ ಬಾಯಲ್ಲಿ ಏನಾದರೂ ಇದೆ ಎನಿಸಬೇಕು, ಅಷ್ಟು ಸಾಕು. ಬೀಜ ಕಳಿಸಿ. ನೀವು ಬರುವ ಅಗತ್ಯವಿಲ್ಲ. ಅತ್ತೆಯೂ ನಾನೂ ನೀವಿಲ್ಲದ ಮನೆಗೆ ಒಗ್ಗಿಕೊಂಡಿದ್ದೇವೆ. ಆದರೆ ಬೇಗ ಕಳಿಸಿ.

ಇಂತು,
ಈಗಲೂ ಅದೇ ವಿಳಾಸದಲ್ಲಿರುವವಳು

ತಾ.ಕ.: ಬುಧವಾರ. ಲಕೋಟೆ ಅಂಟಿಸಿರಲಿಲ್ಲ, ಆದ್ದರಿಂದ ಇದನ್ನೂ ಬರೆಯುತ್ತೇನೆ.

ನೀವು ಹೋಗುವ ಹಿಂದಿನ ದಿನ ಹುರಿದ ಬೀಜ ಒಂದು ಚೀಲದಷ್ಟು ನನ್ನ ಬೀರುವಿನಲ್ಲಿ ಚಳಿಬಟ್ಟೆಗಳ ಅಡಿಯಲ್ಲಿತ್ತು. ಹುರಿದ ಬೀಜಕ್ಕೆ ಎಷ್ಟು ಆಯುಸ್ಸು ಎಂದು ಈ ಮನೆಯಲ್ಲಿ ಬಾಳಿದವಳಿಗೆ ಗೊತ್ತಿರದೆ ಏನು. ಇವತ್ತು ಬೆಳಿಗ್ಗೆ ಅತ್ತೆ ನೀರನ್ನೂ ಬೇಡ ಎಂದರು. ನನಗೆ ಬೇರೆ ದಾರಿ ಕಾಣಲಿಲ್ಲ. ಡಾಕ್ಟರ ಮಾತು ಮೀರಿ, ಚೀಲ ಬಿಚ್ಚಿ, ಒಂದೇ ಗುಟುಕಿನಷ್ಟು ಕಾಸಿ ಚಮಚದಲ್ಲಿ ಕೊಟ್ಟೆ. ಏನೆಂದು ಹೇಳಲಿಲ್ಲ.

ಸೊರ್ ಎಂದು ಎಳೆದರು. ಕಣ್ಣು ಮುಚ್ಚಿದರು. ಆಮೇಲೆ ಗೋಡೆ ಹಿಡಿದು ಎದ್ದು ಹೋಗಿ ತೊಟ್ಟಿಗೆ ಉಗುಳಿ, ಬಾಯಿ ಒರೆಸಿಕೊಂಡು ಹೇಳಿದರು: "ಹಳಸಿ ಹಾಳಾಗಿದೆ. ಕಡಿಮೆ ಅಂದ್ರೂ ಎರಡು ವರ್ಷದ್ದು. ಹುರಿದವನ ಕೈ ಒಳ್ಳೇದೇ, ಆದ್ರೆ ಕೊನೇಲಿ ಆತುರ ಪಟ್ಟಿದ್ದಾನೆ, ಎಲ್ಲಿಗೋ ಹೊರಡೋನ ಹಾಗೆ."

ತಟ್ಟೆ ಹಾಕು ಎಂದರು. ಪೂರ್ತಿ ಉಂಡರು. ನಾನು ಒಲೆಯ ಕಡೆ ತಿರುಗಿ ನಿಂತಿದ್ದೆ.

ಉಂಡ ಮೇಲೆ ಶುರುವಾಯಿತು. ನಾಲಗೆ ಸರಿಯಾಗಿಯೇ ಇದೆ ಎಂದು ಗೊತ್ತಾಯಿತಲ್ಲ, ನಾನು ಹೇಳಿದ್ದೆಲ್ಲ ನಿಜ ಎಂದು ಈಗ ನಂಬಿದ್ದಾರೆ, ಆದ್ದರಿಂದ ಇನ್ನು ನನ್ನ ಪುಡಿ ಮುಟ್ಟುವುದಿಲ್ಲವಂತೆ. "ಅವನು ಬಂದು ನನ್ನ ಎದುರಿಗೆ ಹುರೀಲಿ, ಡಿಕ್ಯಾಫ್ ಆದ್ರೂ ಕುಡೀತೀನಿ. ಅಲ್ಲೀವರೆಗೂ ನಿಜವಾದ್ದೇ. ನೀನು ಕೊಡದಿದ್ರೆ ಬೀದಿ ಕೊನೇಲಿ ಅಂಗಡಿ ಇದೆ, ನನಗೆ ಕಾಲಿದೆ" ಎಂದರು. ನಾನು ಲ್ಯಾಬಿಗೆ ಹೋದ ಮೇಲೆ ಅವರನ್ನು ತಡೆಯುವವರು ಯಾರೂ ಇಲ್ಲ. ಹೀಗಾದರೆ ಅವರಿಗೆ ಇನ್ನೆಷ್ಟು ದಿನ ಉಳಿದಿದೆಯೋ ನನಗೆ ತಿಳಿಯದು.

ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕೇಳಿದರು, "ಅದನ್ನ ಇಷ್ಟು ದಿನ ಯಾಕೆ ಇಟ್ಕೊಂಡಿದ್ದೆ?" ಮರೆತೇಹೋಗಿತ್ತು ಎಂದೆ. ಅವರು ನಕ್ಕರು. ಸಂಜೆ ಮತ್ತೆ ಕೇಳುತ್ತಾರೆ, ಬಿಡುವವರಲ್ಲ. ಅವರಿಗೆ ನಾನು ಏನು ಹೇಳಲಿ?