ಎತ್ತುವ ಮುನ್ನ

ಕೋರಿ,

ಇವತ್ತು ನಿನ್ನನ್ನು ಮಣ್ಣು ಮಾಡಿ ಬಂದೆವು. ಕಾಗುಣಿತ ತಪ್ಪಿದ್ದರೆ ನಗಬೇಡ, ಕಾಲೇಜಿನಲ್ಲಿ ನನ್ನ ಪಾಠವನ್ನೂ ನೀನೇ ಬರೆದುಕೊಡುತ್ತಿದ್ದೆ. ಚರ್ಚಿನ ಮೆಟ್ಟಿಲ ಹಿಮದಲ್ಲಿ ಯಾರಾದರೂ ಜಾರಿ ನಿನ್ನನ್ನು ಬೀಳಿಸುತ್ತಾರೇನೋ ಎಂದು ಬೆಳಗಿನಿಂದ ನನಗೆ ಅದೇ ಯೋಚನೆ.

ಪೆಟ್ಟಿಗೆ ಹೊರಲು ನಿನ್ನ ಹೆಂಡತಿ ಮರ್ಲೀನ್ ನಮ್ಮ ಐವರನ್ನೇ ಕರೆದಿದ್ದಳು, ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ನಿನ್ನ ಮುಂದೆ ಗೋಡೆಯಾಗಿ ನಿಲ್ಲುತ್ತಿದ್ದವರನ್ನು. ಆರನೆಯವನು ನಿನ್ನ ತಮ್ಮ. ಎಲ್ಲರೂ ಬಗ್ಗಿ ಹಿಡಿಕೆ ಹಿಡಿದೆವು. "ಹ್ಞೂಂ, ಎತ್ತಿ, ಜನ ಚಳೀಲಿ ನಿಂತಿದಾರೆ" ಎಂದರು ಪಾದ್ರಿ. ಐವರಲ್ಲಿ ಒಬ್ಬನೂ ಅಲುಗಲಿಲ್ಲ.

ನೀನು ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆದು ಆಟ ನಡೆಸುವವನು; ನೀನು "ಹಟ್" ಎಂದು ಕೂಗದೆ ನಾವು ಅಲುಗುವಂತಿರಲಿಲ್ಲ. ನಾನೊಬ್ಬ ಮಾತ್ರ ಗಾಬರಿಯಲ್ಲಿ ಮೊದಲೇ ಚೆಂಡನ್ನು ಕಾಲ ಸಂದಿನಿಂದ ನಿನ್ನ ಕೈಗೆ ತಳ್ಳಿಬಿಡುತ್ತಿದ್ದೆ. "ಲೋ ಡೆಲ್, ಬಸ್ ತಪ್ಪಿಹೋಗತ್ತೇನೋ? ನನ್ನ ದನಿ ಕೇಳೋ ತನಕ ಕಾಯೋ!" ಎಂದು ನೀನು ಬೈಯುತ್ತಿದ್ದೆ.

ಕಪ್ ಗೆದ್ದಾಗ ಊರೇ ನಿನ್ನನ್ನು ಹೆಗಲ ಮೇಲೆ ಎತ್ತಿತ್ತು. ಮರುವರ್ಷ ನಮ್ಮ ಗೋಡೆ ದಾಟಿ ಬಂದವನೊಬ್ಬ ನಿನ್ನ ಭುಜ ಮುರಿದ. ನಿನ್ನ ಎಸೆತ ಸೋತಿತು, ಅದೇ ಊರು ಛೀ ಎಂದಿತು, ತಂಡ ಕೈಬಿಟ್ಟಿತು. ಪರವೂರಿನ ತಂಡದ ಬೆಂಚಿನ ಮೇಲೆ ನೀನು ಆಡುವ ಸರದಿಗಾಗಿ ವರ್ಷಗಟ್ಟಲೆ ಕಾದು ಕುಳಿತೆ. ಅಲ್ಲಿಂದ ನೀನು ಫೋನ್ ಮಾಡಿದಾಗಲೆಲ್ಲ ನಾನು ಭುಜದ ಮಾತು ತೆಗೆಯದೆ ಬರೀ ಹಿಮ ಬಿತ್ತು, ಹಿಮ ನಿಂತಿತು ಎನ್ನುತ್ತಿದ್ದೆ.

ಇವತ್ತು ಕೊನೆಗೆ ಪೆಟ್ಟಿಗೆಯ ಹಿಡಿಕೆ ಹಿಡಿದು ನನ್ನ ಪಕ್ಕದಲ್ಲಿದ್ದ, ನಮ್ಮ ಐವರಲ್ಲೊಬ್ಬನಾದ ಓಟಿಸ್ ನಿನ್ನದೇ ಒಡಕು ದನಿ ತೆಗೆದು "ರೆಡೀ... ಹಟ್!" ಎಂದ. ಪೆಟ್ಟಿಗೆ ಎದ್ದಿತು. ನನ್ನ ಮೂಲೆ ಮಾತ್ರ ಕೆಳಗೇ ಉಳಿಯಿತು.

"ಎತ್ತೋ ಮಾರಾಯ," ಎಂದು ಓಟಿಸ್ ಪಿಸುಗುಟ್ಟಿದ, "ಇನ್ನೂ ಯಾರಿಗೆ ಕಾಯ್ತಿದೀಯ?"