ಅಟ್ಟದ ಕಾಯಿ ಈಗಲೇ ಸುಲಿಸಬೇಡ

ಲಲಿತಾ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಕಾಗದವನ್ನು ನನ್ನ ತಮ್ಮ ತಿಮ್ಮರಾಜುವಿನ ಕೈಲಿ ಕಳಿಸುತ್ತಿದ್ದೇನೆ.

ನಿನ್ನೆ ನೀನು ಆಸ್ಪತ್ರೆಯಿಂದ ಹೊನ್ನವಳ್ಳಿಗೆ ಹೊರಟಾಗ ನಾನು ಹೇಗಿದ್ದೆ, ನೀನೇ ಕಂಡೆ. ಕರುಳಿನ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡವನು ವಾರ್ಡಿನ ತುಂಬ ಓಡಾಡುತ್ತಿದ್ದೆ. ಹೋಗಿ ಹರಕೆಯ ಊಟಕ್ಕೆ ಊರವರನ್ನು ಕರೆ ಎಂದವನೂ ನಾನೇ. ಇಂದೂ ಹಾಗೆಯೇ ಇದ್ದೇನೆ. ಆದರೆ ಬೆಳಿಗ್ಗೆ ಡಾಕ್ಟರಮ್ಮ ಬಂದು, ಆಪರೇಷನ್ ಆದ ಮೇಲೆ ಇಳಿಯಬೇಕಾದ ಸಿಆರ್‌ಪಿ ಎಂಬುದು ರಕ್ತದಲ್ಲಿ ಏರುತ್ತಲೇ ಇದೆ, ಒಳಗೆ ಏನೋ ಕೆಡುತ್ತಿದೆ ಎಂದರು.

"ಜ್ವರ ಇಲ್ಲ, ನೋವಿಲ್ಲ. ನಂಗೇನಾಗೈತ್ರೀ? ಚೆನ್ನಾಗೇ ಇದೀನಲ್ಲ!" ಎಂದು ಜಗಳಕ್ಕೇ ಬಿದ್ದೆ.

"ಚೆನ್ನಾಗಿ ಕಾಣ್ತಿದೀರ ಕಣ್ರೀ. ಜ್ವರ, ನೋವು ಎಲ್ಲಾ ಆಮೇಲೆ ಬರ್ತವೆ. ರಕ್ತ ಮೊದ್ಲೇ ಹೇಳ್ತದೆ."

ಸ್ಕ್ಯಾನ್ ಮಾಡಿದರು. ಕರುಳು ಜೋಡಿಸಿದ ಕಡೆ ಸೋರುತ್ತಿದೆಯಂತೆ. ಸಂಜೆ ಮತ್ತೆ ಹೊಟ್ಟೆ ತೆರೆಯುತ್ತಾರೆ. ನನಗಿನ್ನೂ ನಂಬಲಾಗುತ್ತಿಲ್ಲ.

ಊಟಕ್ಕೆ ಕರೆದವರಿಗೆ ಈಗ ಬೇಡ ಎಂದು ಹೇಳಿಬಿಡು. ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ತಿಮ್ಮರಾಜುವಿನ ಜೊತೆಯಲ್ಲೇ ಹೊರಟು ಬಾ.

ಅಟ್ಟದ ಕಾಯಿ ಈಗಲೇ ಸುಲಿಸಬೇಡ. ಕೊಬ್ಬರಿಗೆಂದು ಇಟ್ಟ ತೆಂಗಿನಕಾಯಿ ಒಣಗಿತೇ ಎಂದು ಪ್ರತಿವರ್ಷ ನೋಡುತ್ತಿದ್ದವನು ನಾನು. ಈ ಸಲ ನನ್ನಿಂದ ಆಗದಿದ್ದರೆ ನೀನೇ ಅಟ್ಟ ಹತ್ತು. ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು. ಗಡಗಡ ಎಂದರೆ ಒಳಗೆ ಒಣಗಿ ಕೊಬ್ಬರಿಯಾಗಿದೆ. ಸದ್ದೇ ಬರದಿದ್ದರೆ, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ನಂಬಬೇಡ.

ನಿನ್ನ ದಾರಿ ನೋಡುತ್ತಿರುವ
ಶಿವಮೂರ್ತಿ